ಮನೆಯ ಸ್ಟುಡಿಯೋಗೊಂದು ಮೇಜು: ಮೊದಲು ಕಿವಿಯ ಲೆಕ್ಕ, ಆಮೇಲೆ ಮರದ ಲೆಕ್ಕ

ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ಮದರಾಸಿನ ಸ್ಟುಡಿಯೋಗಳನ್ನೇ ಆಶ್ರಯಿಸಬೇಕಿದ್ದ ಕಾಲವೊಂದಿತ್ತು. ಇಂದು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೊಂದರಲ್ಲಿ ಕುಳಿತು ಭಾವಗೀತೆಗಳನ್ನು ಮುದ್ರಿಸಬಹುದು, ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸಬಹುದು, ಜಾಹೀರಾತಿಗೆ ಕಂಠದಾನ ಮಾಡಿ ಕಳುಹಿಸಬಹುದು. ಕಂಪ್ಯೂಟರ್, ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಎರಡು ಮಾನಿಟರ್ ಸ್ಪೀಕರ್ - ಇಷ್ಟಿದ್ದರೆ ಮನೆಯ ಸ್ಟುಡಿಯೋ ಆರಂಭವಾದಂತೆ.

ಆದರೆ ಇವೆಲ್ಲವನ್ನೂ ಕೊಂಡು ತಂದ ಬಳಿಕ ಏಳುವ ಪ್ರಶ್ನೆಗೆ ಅಂಗಡಿಯಲ್ಲಿ ಸುಲಭದ ಉತ್ತರ ದೊರೆಯುವುದಿಲ್ಲ. ಈ ಸಲಕರಣೆಗಳನ್ನು ಇಡುವುದೆಲ್ಲಿ? ಕಚೇರಿಯ ಟೇಬಲ್ ಮೇಲೆ ಸ್ಪೀಕರ್ ಕೂರಿಸಿದರೆ ಪರದೆಗೆ ಜಾಗವಿರದು. ಓದುವ ಮೇಜಿನಲ್ಲಿ ತಂತಿಗಳಿಗೆ ದಾರಿಯಿರದು. ಸ್ಟುಡಿಯೋಗೆಂದೇ ತಯಾರಾದ ಸಿದ್ಧ ಮೇಜುಗಳು ದುಬಾರಿ, ಅವುಗಳ ಅಳತೆಯೂ ನಮ್ಮ ಕೋಣೆಗೆ ಹೊಂದುವುದು ಅಪರೂಪ. ಹೀಗಾಗಿ ಪರಿಚಯದ ಬಡಗಿಯನ್ನು ಕರೆಸಿ ಮಾಡಿಸುವುದೇ ಬಹುತೇಕರು ಹಿಡಿಯುವ ದಾರಿ.

ಎಡವುವುದು ಇಲ್ಲಿಯೇ. ಬಡಗಿಯು ಮೇಜನ್ನು ಪೀಠೋಪಕರಣವೆಂದು ನೋಡುತ್ತಾನೆ. ಆದರೆ ಸ್ಟುಡಿಯೋದ ಮೇಜು ಸ್ಪೀಕರಿನಂತೆಯೇ ಧ್ವನಿಯ ಮೇಲೆ ಪ್ರಭಾವ ಬೀರುವ ವಸ್ತು. ಅದರ ಅಳತೆ ಕೇಳುಗನ ಕಿವಿಯಿಂದ ಆರಂಭವಾಗಿ ಹಲಗೆಯಲ್ಲಿ ಕೊನೆಗೊಳ್ಳಬೇಕೇ ಹೊರತು ಹಲಗೆಯಿಂದ ಆರಂಭವಾಗಬಾರದು. ಆ ಕ್ರಮದಲ್ಲಿಯೇ ಮೇಜಿನ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಕನ್ಸೋಲಿನಿಂದ ಮೇಜಿನವರೆಗೆ

ಹಿಂದೆ ಕನ್ಸೋಲ್ ಎಂದರೆ ಯಂತ್ರವೂ ಅದೇ, ಮೇಜೂ ಅದೇ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋಗಾಗಿ ಇಎಂಐ ಸಂಸ್ಥೆಯು ರೆಡ್ ಸರಣಿಯ ಕನ್ಸೋಲುಗಳನ್ನು ತಾನೇ ತಯಾರಿಸಿಕೊಂಡಿತ್ತು. 1968ರಲ್ಲಿ ಟ್ರಾನ್ಸಿಸ್ಟರ್ ಆಧಾರಿತ ಟಿಜಿ 12345 ಬಂದಿತು. ಎಂಜಿನಿಯರ್ ಕುಳಿತಲ್ಲಿಂದಲೇ ಎಲ್ಲ ಗುಂಡಿಗಳಿಗೆ ಕೈಯೆಟುಕುವಂತೆ ಇಳಿಜಾರಾದ ಮೇಲ್ಮೈ, ಎದುರಿಗೆ ಮೀಟರುಗಳ ಸಾಲು, ಆ ಸಾಲಿನ ನೆತ್ತಿಯ ಮೇಲೆ ಚಿಕ್ಕ ಸ್ಪೀಕರುಗಳು - ಇದು ಆ ಪೀಳಿಗೆಯ ಕನ್ಸೋಲುಗಳು ರೂಢಿಸಿದ ವಿನ್ಯಾಸ.

1991ರಲ್ಲಿ ಪ್ರೋ ಟೂಲ್ಸ್ ಮಾರುಕಟ್ಟೆಗೆ ಬಂದ ಬಳಿಕ ಈ ಕೆಲಸವೆಲ್ಲ ಕ್ರಮೇಣ ಕಂಪ್ಯೂಟರಿನ ಒಳಗೆ ಸೇರಿತು. ಯಂತ್ರ ಮಾಯವಾದರೂ ಅದರ ಆಕಾರ ಮಾತ್ರ ಉಳಿದುಕೊಂಡಿತು. ಇಂದಿನ ಸ್ಟುಡಿಯೋ ಮೇಜುಗಳ ಮೇಲಂತಸ್ತು ಹಳೆಯ ಮೀಟರ್ ಸಾಲಿನ ನೆರಳೇ ಆಗಿದೆ. 1978ರಲ್ಲಿ ಮನೆಬಳಕೆಗೆಂದು ಬಂದು, ಆ ಸಾಲಿನ ಮೇಲೇರಿ ಜಗತ್ಪ್ರಸಿದ್ಧವಾದ ಯಮಹಾ ಎನ್‌ಎಸ್-10 ಸ್ಪೀಕರಿನ ತಯಾರಿಕೆ 2001ರಲ್ಲಿ ನಿಂತಿತು. ಸ್ಪೀಕರನ್ನು ಮೇಜಿನ ಮೇಲೆಯೇ ಇಡುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಮನೆಯ ಸ್ಟುಡಿಯೋಗಳ ಅನೇಕ ತೊಂದರೆಗಳಿಗೆ ಈ ಅಭ್ಯಾಸವೇ ಮೂಲ.

ಮೇಜು ಕಿವಿಗೆ ಮಾಡುವ ಮೋಸ

ಸ್ಪೀಕರಿನಿಂದ ಹೊರಟ ಧ್ವನಿ ಎರಡು ದಾರಿಗಳಲ್ಲಿ ಕಿವಿಯನ್ನು ತಲುಪುತ್ತದೆ. ಒಂದು ನೇರ ದಾರಿ. ಇನ್ನೊಂದು, ಮೇಜಿನ ಮೇಲೆ ಬಿದ್ದು ಪುಟಿದು ಬರುವ ಬಳಸುದಾರಿ. ಎರಡರ ನಡುವಣ ಅಂತರವೇ ಮೋಸದ ಮೂಲ.

ಒಂದು ಲೆಕ್ಕ ನೋಡೋಣ. ಕಿವಿ ಹಾಗೂ ಸ್ಪೀಕರ್ ಎರಡೂ ನೆಲದಿಂದ 120 ಸೆಂ.ಮೀ. ಎತ್ತರದಲ್ಲಿವೆ, ಅವುಗಳ ನಡುವೆ 110 ಸೆಂ.ಮೀ. ದೂರವಿದೆ, ಮೇಜಿನ ಮೇಲ್ಮೈ 73 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ನೇರ ಧ್ವನಿ 110 ಸೆಂ.ಮೀ. ಸಾಗಿದರೆ ಪುಟಿದ ಧ್ವನಿ ಸುಮಾರು 145 ಸೆಂ.ಮೀ. ಸಾಗುತ್ತದೆ. ವ್ಯತ್ಯಾಸ 35 ಸೆಂ.ಮೀ. ಧ್ವನಿಯು ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುವುದರಿಂದ ಎರಡನೆಯದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಅಲ್ಪವೆನಿಸುವ ಈ ವಿಳಂಬದಿಂದ 500 ಹರ್ಟ್ಜ್ ಆಸುಪಾಸಿನಲ್ಲಿ ಎರಡು ಅಲೆಗಳು ಒಂದನ್ನೊಂದು ಕುಗ್ಗಿಸುತ್ತವೆ. 1,000 ಹರ್ಟ್ಜ್‌ನಲ್ಲಿ ಪರಸ್ಪರ ಬಲಪಡಿಸುತ್ತವೆ, 1,500ರಲ್ಲಿ ಮತ್ತೆ ಕುಗ್ಗಿಸುತ್ತವೆ. ಬಾಚಣಿಗೆಯ ಹಲ್ಲುಗಳಂತೆ ಈ ಏರಿಳಿತ ಮುಂದುವರಿಯುತ್ತದೆ.

ಸಂಗೀತದ ಭಾಷೆಯಲ್ಲಿ ಇದರ ಅರ್ಥವಿಷ್ಟು. ಐದು ಕಟ್ಟೆ ಶ್ರುತಿಯಲ್ಲಿ ಹಾಡುವ ಗಾಯಕಿಯ ತಾರಸ್ಥಾಯಿಯ ಅಂತರಗಾಂಧಾರ ಸುಮಾರು 490 ಹರ್ಟ್ಜ್‌ನಲ್ಲಿದೆ. ಮೇಲಿನ ಮೇಜಿನ ಮುಂದೆ ಕುಳಿತವರಿಗೆ ಆ ಸ್ವರ ಬಡಕಲಾಗಿ ಕೇಳುತ್ತದೆ. ಅವರು ಅದನ್ನು ಸರಿಪಡಿಸಲು ಆ ಭಾಗವನ್ನು ಏರಿಸುತ್ತಾರೆ. ಅದೇ ಹಾಡನ್ನು ಕಾರಿನಲ್ಲಿಯೋ ಗೆಳೆಯರ ಮನೆಯಲ್ಲಿಯೋ ಹಾಕಿದಾಗ ಆ ಸ್ವರ ಕಿವಿಗೆ ರಾಚುತ್ತದೆ. ತಪ್ಪು ಗಾಯಕಿಯದಲ್ಲ, ಮೈಕಿನದಲ್ಲ. ಇಲ್ಲದ ದೋಷವನ್ನು ಮೇಜು ತೋರಿಸಿತ್ತು.

ಮೇಜಿನ ಮೇಲೆ ಬಟ್ಟೆ ಹಾಸಿದರೆ ಈ ದೋಷ ನಿವಾರಣೆಯಾಗದು. 500 ಹರ್ಟ್ಜ್ ಅಲೆಯ ಉದ್ದವೇ ಸುಮಾರು 70 ಸೆಂ.ಮೀ.; ತೆಳುವಾದ ಬಟ್ಟೆಗೆ ಅದನ್ನು ಹೀರುವ ಶಕ್ತಿಯಿಲ್ಲ. ಪರಿಣಾಮಕಾರಿ ಉಪಾಯಗಳು ಮೂರು. ಮೊದಲನೆಯದು, ಮೇಜಿನ ಆಳವನ್ನು ಅಗತ್ಯಕ್ಕಿಂತ ಹೆಚ್ಚಿಸದಿರುವುದು. ಎರಡನೆಯದು, ಸ್ಪೀಕರುಗಳನ್ನು ಮೇಜಿನ ಹಿಂದೆ ಪ್ರತ್ಯೇಕ ಸ್ಟ್ಯಾಂಡುಗಳ ಮೇಲೆ ನಿಲ್ಲಿಸುವುದು. ಇದರಿಂದ ಪ್ರತಿಫಲನ ಪೂರ್ತಿ ತಪ್ಪದಿದ್ದರೂ ಸ್ಪೀಕರಿನ ಕಂಪನ ಹಲಗೆಗೆ ಇಳಿದು ಮೇಜೇ ದನಿಗೂಡಿಸುವುದು ನಿಲ್ಲುತ್ತದೆ. ಮೂರನೆಯದು, ಧ್ವನಿ ಪುಟಿಯುವ ಜಾಗವನ್ನು ಕುಳಿತವರ ಕಡೆಗೆ ಇಳಿಜಾರಾಗಿಸುವುದು. ಮೇಲ್ಮೈಯನ್ನು 10 ಡಿಗ್ರಿ ಓರೆಯಾಗಿಸಿದರೆ ಪುಟಿದ ಧ್ವನಿಯ ದಿಕ್ಕು 20 ಡಿಗ್ರಿ ತಿರುಗಿ, ಕಿವಿಯ ಬದಲು ಎದೆಯ ಮಟ್ಟಕ್ಕೆ ಹೋಗುತ್ತದೆ. ಕೈಗೆ ಅನುಕೂಲವೆಂದು ಹಳೆಯ ಕನ್ಸೋಲುಗಳು ಹೊಂದಿದ್ದ ಇಳಿಜಾರು ಕಿವಿಗೂ ಉಪಕಾರಿ.

ಧ್ವನಿ ಎಲ್ಲಿ ಪುಟಿಯುತ್ತದೆ ಎಂದು ತಿಳಿಯಲು ಒಂದು ಕನ್ನಡಿ ಸಾಕು. ಅದನ್ನು ಮೇಜಿನ ಮೇಲೆ ಅಂಗಾತ ಇಟ್ಟು ಸರಿಸುತ್ತ ಹೋಗಬೇಕು. ಕುಳಿತಲ್ಲಿಂದ ಕನ್ನಡಿಯಲ್ಲಿ ಸ್ಪೀಕರಿನ ಮುಖ ಎಲ್ಲಿ ಕಾಣುವುದೋ ಅದೇ ಆ ಜಾಗ.

ಕೋಣೆಯಲ್ಲಿ ಕುಳಿತುಕೊಳ್ಳುವ ಸ್ಥಾನ

ಮೇಜಿನ ಅಳತೆಗೆ ಮುನ್ನ ಕುರ್ಚಿಯ ಸ್ಥಾನ ನಿರ್ಧಾರವಾಗಬೇಕು. 10x12 ಅಡಿಯ ಕೋಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕುಳಿತವರ ಮುಖ 10 ಅಡಿಯ ಗೋಡೆಯ ಕಡೆಗಿದ್ದು, ಬೆನ್ನ ಹಿಂದೆ ಕೋಣೆಯ ಉದ್ದ ಉಳಿಯಬೇಕು. ಎಡಬಲದ ಗೋಡೆಗಳು ಸಮಾನ ದೂರದಲ್ಲಿರಬೇಕು; ಒಂದು ಬದಿಗೆ ಸರಿದು ಕುಳಿತರೆ ಎಡ ಮತ್ತು ಬಲ ಕಿವಿಗಳಿಗೆ ಬೇರೆ ಬೇರೆ ಚಿತ್ರ ದೊರೆಯುತ್ತದೆ.

ಉದ್ದದ ನಟ್ಟನಡುವೆ ಕುಳಿತುಕೊಳ್ಳುವುದು ಸಲ್ಲದು. 12 ಅಡಿ, ಅಂದರೆ 366 ಸೆಂ.ಮೀ. ಉದ್ದದ ಕೋಣೆಯಲ್ಲಿ 47 ಹರ್ಟ್ಜ್‌ನ ಅಲೆ ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಕೋಣೆಯ ಮಧ್ಯದಲ್ಲಿ ಅದು ಕೇಳಿಸದು, ಗೋಡೆಯ ಬಳಿ ಗುಡುಗುತ್ತದೆ. ಎದುರಿನ ಗೋಡೆಯಿಂದ ಉದ್ದದ ಶೇ 38ರಷ್ಟು ದೂರದಲ್ಲಿ ತಲೆ ಇರಲಿ ಎಂಬುದು ಧ್ವನಿ ತಂತ್ರಜ್ಞರ ನಡುವೆ ಪ್ರಚಲಿತವಿರುವ ಹೆಬ್ಬೆರಳ ಲೆಕ್ಕ. ಇಲ್ಲಿ ಅದು 139 ಸೆಂ.ಮೀ. ಇದು ಆರಂಭದ ಬಿಂದುವಷ್ಟೇ. ಕೇಳಿ ನೋಡಿ ಹಿಂದೆ ಮುಂದೆ ಸರಿಯಬೇಕಾಗುತ್ತದೆ.

ಎರಡು ಸ್ಪೀಕರುಗಳು ಮತ್ತು ಕೇಳುಗನ ತಲೆ ಸಮಬಾಹು ತ್ರಿಕೋನದಲ್ಲಿರಬೇಕು. ಪ್ರತಿ ಬಾಹು 110 ಸೆಂ.ಮೀ. ಎಂದಾದರೆ ಸ್ಪೀಕರುಗಳ ಮುಖ ತಲೆಯಿಂದ 95 ಸೆಂ.ಮೀ. ಮುಂದಕ್ಕೆ, ಅಂದರೆ ಗೋಡೆಯಿಂದ 44 ಸೆಂ.ಮೀ. ದೂರದಲ್ಲಿ ಬರುತ್ತದೆ. ತಲೆಯು ಮೇಜಿನ ಅಂಚಿನಿಂದ 10 ಸೆಂ.ಮೀ. ಹಿಂದಿದ್ದು, ಮೇಜಿನ ಆಳ 75 ಸೆಂ.ಮೀ. ಇದ್ದರೆ ಮೇಜಿನ ಹಿಂದಂಚು ಗೋಡೆಯಿಂದ 54 ಸೆಂ.ಮೀ. ದೂರ ಉಳಿಯುತ್ತದೆ. ಸ್ಪೀಕರ್ ಸ್ಟ್ಯಾಂಡುಗಳಿಗೆ ಬೇಕಾದ ಜಾಗ ತಾನಾಗಿಯೇ ದೊರೆಯಿತು. ಹಿಂದೆ ಕೈಹಾಕಿ ತಂತಿ ಬದಲಿಸಲೂ ಅನುಕೂಲ. ಮೇಜನ್ನು ಗೋಡೆಗೆ ಅಂಟಿಸಿ ಇಡುವ ಮನೆಯ ರೂಢಿಯನ್ನು ಇಲ್ಲಿ ಕೈಬಿಡಲೇಬೇಕು.

ದೇಹದ ಅಳತೆಗಳು

ಸಾಮಾನ್ಯ ಎತ್ತರದ ವಯಸ್ಕರಿಗೆ ಹೊಂದುವ ಅಳತೆಗಳು ಹೀಗಿವೆ. ಬಳಸುವವರನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ ಅಳೆದುಕೊಂಡು ತಿದ್ದಿಕೊಳ್ಳುವುದು ಲೇಸು.

- ಮೇಜಿನ ಮೇಲ್ಮೈ: ನೆಲದಿಂದ 72ರಿಂದ 74 ಸೆಂ.ಮೀ.
- ತೊಡೆ ಮತ್ತು ಮಂಡಿಗೆ ತೆರವು: ನೆಲದಿಂದ ಕನಿಷ್ಠ 62 ಸೆಂ.ಮೀ.
- ಮೇಜಿನ ಅಗಲ: 150ರಿಂದ 160 ಸೆಂ.ಮೀ.; ಆಳ: 70ರಿಂದ 75 ಸೆಂ.ಮೀ.
- ಸ್ಪೀಕರಿನ ಟ್ವೀಟರ್: ಕುಳಿತವರ ಕಿವಿಯ ಮಟ್ಟ, ಸುಮಾರು 115ರಿಂದ 120 ಸೆಂ.ಮೀ.
- ಪರದೆ: ಕಣ್ಣಿನಿಂದ 60ರಿಂದ 70 ಸೆಂ.ಮೀ. ದೂರ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ
- ಪರದೆ ಇಡುವ ಮೇಲಂತಸ್ತು: ಮೇಜಿನಿಂದ 12 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳ

ಕೀಬೋರ್ಡ್ ಎಂಬ ಕಗ್ಗಂಟು

ಸಂಗೀತ ಸಂಯೋಜಕರು ಬಡಗಿಯ ಮುಂದಿಡುವ ಮೊದಲ ಬೇಡಿಕೆಯೆಂದರೆ ಮೇಜಿನ ಕೆಳಗಿನಿಂದ ಎಳೆದುಕೊಳ್ಳುವ ಕೀಬೋರ್ಡ್ ತಟ್ಟೆ. ಇಲ್ಲಿ ಅಂಕಿಗಳು ಸಹಕರಿಸುವುದಿಲ್ಲ. ತೊಡೆಗೆ 62 ಸೆಂ.ಮೀ. ಬಿಟ್ಟು, ತಟ್ಟೆಯ ದಪ್ಪ 1.8 ಸೆಂ.ಮೀ. ಸೇರಿಸಿದರೆ ತಟ್ಟೆಯ ಮೇಲ್ಮೈ ಸುಮಾರು 64 ಸೆಂ.ಮೀ. ತಲುಪುತ್ತದೆ. ಮೇಜಿನ ತಳ ಇರುವುದು 71ರಲ್ಲಿ. ನಡುವೆ ಉಳಿಯುವುದು 7 ಸೆಂ.ಮೀ. ಮಾತ್ರ. ಪಿಯಾನೋದಂತೆ ಭಾರವಾದ 88 ಮನೆಗಳ ಕೀಬೋರ್ಡಿನ ಎತ್ತರ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು, ಹಲವು ಮಾದರಿಗಳಲ್ಲಿ 12 ಸೆಂ.ಮೀ. ಮೀರುತ್ತದೆ. ಅದನ್ನು ತುರುಕಬೇಕೆಂದರೆ ಮೇಜನ್ನು 79-80 ಸೆಂ.ಮೀ.ಗೆ ಎತ್ತರಿಸಬೇಕು. ಆಗ ದಿನವಿಡೀ ಮೌಸ್ ಹಿಡಿಯುವ ಭುಜಕ್ಕೆ ನೋವು ತಪ್ಪಿದ್ದಲ್ಲ.

ಪರಿಹಾರ ಎರಡು. 7 ಸೆಂ.ಮೀ.ಗಿಂತ ತೆಳುವಾದ ಕೀಬೋರ್ಡಿಗೆ ತೃಪ್ತಿಪಟ್ಟುಕೊಳ್ಳುವುದು ಒಂದು. ದೊಡ್ಡ ಕೀಬೋರ್ಡನ್ನು ಅದರದೇ ಸ್ಟ್ಯಾಂಡಿನ ಮೇಲೆ, ಕುರ್ಚಿ ತಿರುಗಿಸಿದರೆ ಸಿಗುವಂತೆ ಪಕ್ಕಕ್ಕೆ ಇಡುವುದು ಇನ್ನೊಂದು. 10 ಅಡಿ ಅಗಲದ ಕೋಣೆಯಲ್ಲಿ 155 ಸೆಂ.ಮೀ. ಮೇಜಿನ ಎರಡೂ ಬದಿಗೆ ತಲಾ 75 ಸೆಂ.ಮೀ. ಉಳಿಯುವುದರಿಂದ ಎರಡನೆಯ ದಾರಿಯೇ ಉತ್ತಮ. ಮೇಜು ಸರಳವಾಗುತ್ತದೆ, ಮುಂದೆ ಕೀಬೋರ್ಡ್ ಬದಲಿಸಿದರೂ ಮೇಜನ್ನು ಕಡಿಯಬೇಕಾಗಿಲ್ಲ.

ರ‍್ಯಾಕ್: ಮಿಲಿಮೀಟರ್ ತಪ್ಪಬಾರದ ಜಾಗ

ವೃತ್ತಿಪರ ಧ್ವನಿ ಸಲಕರಣೆಗಳು 19 ಇಂಚಿನ ರ‍್ಯಾಕ್ ಪ್ರಮಾಣವನ್ನು ಅನುಸರಿಸುತ್ತವೆ. ಮುಂಭಾಗದ ಫಲಕದ ಅಗಲ 482.6 ಮಿ.ಮೀ.; ಎತ್ತರವನ್ನು ‘ಯು’ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಯು ಎಂದರೆ 44.45 ಮಿ.ಮೀ. ನಾಲ್ಕು ಯು ಸುಮಾರು 18 ಸೆಂ.ಮೀ. ಸಲಕರಣೆಯ ಒಡಲು ಹಾದುಹೋಗಲು ಎರಡು ಲೋಹದ ಪಟ್ಟಿಗಳ ನಡುವೆ ಕನಿಷ್ಠ 450 ಮಿ.ಮೀ. ತೆರವಿರಬೇಕು. ಮರದ ಪೆಟ್ಟಿಗೆಯ ಒಳ ಅಗಲ ಸುಮಾರು 49 ಸೆಂ.ಮೀ. ಇದ್ದರೆ ಪಟ್ಟಿಗಳನ್ನು ಕೂರಿಸಲು ಅನುಕೂಲ. ಅಡಿ-ಇಂಚಿನಲ್ಲಿ ಲೆಕ್ಕ ಹಾಕಿ, ಒಳಗೂ ಮೈಕಾ ಅಂಟಿಸುವ ಬಡಗಿಗೆ ಈ ಮಾತನ್ನು ಒತ್ತಿ ಹೇಳಬೇಕು. ಮೈಕಾದ ದಪ್ಪದಿಂದಲೇ ಜಾಗ ಕಡಿಮೆಯಾಗಿ ಸಲಕರಣೆ ಒಳಹೋಗದಿರಬಹುದು. ನಿಜವಾದ ಸಲಕರಣೆಯೊಂದನ್ನು ಕೆಲಸದ ಜಾಗಕ್ಕೆ ಕೊಂಡೊಯ್ದು ಕೂರಿಸಿ ನೋಡುವುದು ಎಲ್ಲಕ್ಕಿಂತ ಖಚಿತ.

ಮೇಜಿನ ಕೆಳಗೆ ಎರಡೂ ಬದಿಗೆ ರ‍್ಯಾಕ್ ಇರಲೆಂಬ ಆಸೆ ಸಹಜ. ಆದರೆ ಹಲಗೆಯ ದಪ್ಪ ಸೇರಿ ಪ್ರತಿ ಪೆಟ್ಟಿಗೆ ಸುಮಾರು 53 ಸೆಂ.ಮೀ. ನುಂಗುತ್ತದೆ. 155 ಸೆಂ.ಮೀ. ಮೇಜಿನಲ್ಲಿ ಕಾಲಿಗೆ ಉಳಿಯುವುದು 50 ಸೆಂ.ಮೀ.ಗೂ ಕಡಿಮೆ. ಆದ್ದರಿಂದ ರ‍್ಯಾಕನ್ನು ಚಕ್ರಗಳುಳ್ಳ ಪ್ರತ್ಯೇಕ ಪೆಟ್ಟಿಗೆಯಾಗಿ ಮಾಡಿಸಿ ಮೇಜಿನ ಪಕ್ಕ ನಿಲ್ಲಿಸುವುದು ಸೂಕ್ತ. ಹಿಂಬದಿ ತೆರೆದಿರಲಿ, ಬಿಸಿಯಾಗುವ ಸಲಕರಣೆಗಳ ಮೇಲೆ ಒಂದು ಯು ಖಾಲಿ ಬಿಡಬೇಕು. ಆಳದ ಲೆಕ್ಕದಲ್ಲಿ ಹಿಂದಿನ ಪ್ಲಗ್ಗುಗಳಿಗಾಗಿ 10 ಸೆಂ.ಮೀ. ಕೂಡಿಸಿಕೊಳ್ಳಬೇಕು.

ಯಾವ ಹಲಗೆ, ಎಷ್ಟು ಹಲಗೆ

ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಈ ಮೂರೂ ಮಾರುಕಟ್ಟೆಯಲ್ಲಿವೆ. ಎಂಡಿಎಫ್ ನಯವಾಗಿದ್ದು ಅಗ್ಗವೂ ಹೌದು. ಆದರೆ ಸಾಮಾನ್ಯ ಎಂಡಿಎಫ್ ಅಂಚಿನಲ್ಲಿ ತೇವ ಹೊಕ್ಕರೆ ಉಬ್ಬುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಅದು ಹೇಳಿಸಿದ್ದಲ್ಲ. ಅದರ ಅಂಚಿನಲ್ಲಿ ಸ್ಕ್ರೂ ಹಿಡಿತವೂ ಕಡಿಮೆ. ಮೇಜಿಗೆ 18 ಮಿ.ಮೀ. ಪ್ಲೈವುಡ್ ಸೂಕ್ತ. ಐಎಸ್ 303 ಗುರುತಿನ, ತೇವ ತಡೆಯುವ ದರ್ಜೆಯ ಹಲಗೆ ಸಾಕು. ತೇವ ಹೆಚ್ಚಿರುವ ಊರುಗಳಲ್ಲಿ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಬಳಸಬಹುದು. ಗೆದ್ದಲಿನ ಕಾಟವಿರುವ ನೆಲಮಹಡಿಯ ಮನೆಗಳಲ್ಲಿ ಗೆದ್ದಲು ನಿರೋಧಕ ಲೇಪ ಹಾಕಿಸುವುದು ಅಗತ್ಯ.

8x4 ಅಡಿಯ (244x122 ಸೆಂ.ಮೀ.) ಒಂದು ಹಲಗೆಯಲ್ಲಿ ಮೇಜಿನ ಮುಖ್ಯ ಭಾಗಗಳೆಲ್ಲ ದಕ್ಕುತ್ತವೆ: 155x75ರ ಮೇಲ್ಮೈ, 155x30ರ ಮೇಲಂತಸ್ತು, 155x15ರ ಒಂದು ಪಟ್ಟಿ ಹಾಗೂ 71x60ರ ಎರಡು ಪಕ್ಕದ ಹಲಗೆಗಳು. ಗರಗಸದ ಪ್ರತಿ ಕೊಯ್ತಕ್ಕೆ 3-4 ಮಿ.ಮೀ. ಹೋಗುವುದನ್ನು ಲೆಕ್ಕದಲ್ಲಿಟ್ಟರೂ ಇಷ್ಟು ಸಾಧ್ಯ. ಎರಡನೆಯ ಹಲಗೆಯಲ್ಲಿ 151x40ರ ಹಿಂಬದಿ ಹಲಗೆ, ಮೇಲಂತಸ್ತಿನ ಆನಿಕೆಗಳು, ಇಳಿಜಾರಿನ ಫಲಕ ಮತ್ತು ರ‍್ಯಾಕ್ ಪೆಟ್ಟಿಗೆ ಬರುತ್ತವೆ. ಇಂತಹ ಒಂದು ಹಲಗೆಯ ತೂಕ ಸುಮಾರು 35 ಕೆ.ಜಿ.; ಮೇಜನ್ನು ಕೋಣೆಯೊಳಗೇ ಜೋಡಿಸುವಂತೆ, ಬೇಕಾದಾಗ ಬಿಚ್ಚುವಂತೆ ಮಾಡಿಸಿದರೆ ಬಾಡಿಗೆ ಮನೆ ಬದಲಿಸುವವರಿಗೆ ತೊಂದರೆಯಾಗದು.

ಒಂದೂವರೆ ಮೀಟರ್ ಉದ್ದದ 18 ಮಿ.ಮೀ. ಹಲಗೆ ಭಾರಕ್ಕೆ ಕ್ರಮೇಣ ನಡುವಿನಲ್ಲಿ ಬಾಗುತ್ತದೆ. ಮೇಲೆ ಹೇಳಿದ 15 ಸೆಂ.ಮೀ. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಸೀಳಿ ಮೇಲ್ಮೈಯ ಕೆಳಗೆ, ಮುಂದೊಂದು ನಡುವೊಂದು, ನೆಟ್ಟಗೆ ನಿಲ್ಲಿಸಿ ಅಂಟಿಸಿದರೆ ಈ ಬಾಗು ತಡೆಯುತ್ತದೆ. ಮಂಡಿಗೆ 62 ಸೆಂ.ಮೀ. ತೆರವೂ ಉಳಿಯುತ್ತದೆ. ಕೀಬೋರ್ಡ್ ತಟ್ಟೆ ಹಾಕಿಸಿದರೆ ಮುಂದಿನ ಪಟ್ಟಿಗೆ ಜಾಗವಿರದು ಎಂಬುದನ್ನೂ ಗಮನಿಸಬೇಕು. ಎರಡು ಹಲಗೆಗಳನ್ನು ಸೇರಿಸಿ ಅಂಟಿಸುವುದು ಇನ್ನೊಂದು ಉಪಾಯ. ದಪ್ಪ ಇಮ್ಮಡಿಯಾದರೆ ಬಿಗುವು ಎಂಟು ಪಟ್ಟು ಹೆಚ್ಚುತ್ತದೆ. ಹಿಂಬದಿ ಹಲಗೆಯನ್ನು ಮಾತ್ರ ಬಿಡಲೇಬಾರದು. ಮೇಜು ಅಕ್ಕಪಕ್ಕಕ್ಕೆ ಓಲಾಡದಂತೆ ತಡೆಯುವುದು ಅದೇ.

ಮೈಕಾವನ್ನು ಮೇಲ್ಭಾಗಕ್ಕಷ್ಟೇ ಅಂಟಿಸಿದರೆ ಹಲಗೆ ಒಂದು ಬದಿಗೆ ಬಾಗುವ ಸಾಧ್ಯತೆಯಿದೆ. ಕೆಳಭಾಗಕ್ಕೂ ಸಾದಾ ಮೈಕಾ ಅಂಟಿಸಬೇಕು. ಹೊಳಪಿನ ಮೈಕಾ ದೀಪದ ಬೆಳಕನ್ನು ಕಣ್ಣಿಗೆ ಹೊಡೆಯುವುದರಿಂದ ಮಂದ ಮೇಲ್ಮೈಯದೇ ಒಳ್ಳೆಯದು.

ತಂತಿ ಮತ್ತು ವಿದ್ಯುತ್

ಮೇಜು ತಯಾರಾದ ಮೇಲೆ ತಂತಿಗೆ ರಂಧ್ರ ಕೊರೆಯುವುದು ವಾಡಿಕೆ. ಅದನ್ನು ಮೊದಲೇ ಯೋಜಿಸಬೇಕು. ಹಿಂಬದಿಯಲ್ಲಿ ಸುಮಾರು 6 ಸೆಂ.ಮೀ. ವ್ಯಾಸದ ಎರಡು ರಂಧ್ರಗಳಿರಲಿ: ಎಡದ್ದು ವಿದ್ಯುತ್ ತಂತಿಗಳಿಗೆ, ಬಲದ್ದು ಧ್ವನಿಯ ತಂತಿಗಳಿಗೆ. ಎರಡನ್ನೂ ಒಂದೇ ಕಟ್ಟಿನಲ್ಲಿ ಬಿಗಿದರೆ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ಧ್ವನಿಯೊಳಗೆ ನುಸುಳಬಹುದು. ಹಾದುಹೋಗಲೇಬೇಕಾದ ಕಡೆ ಒಂದನ್ನೊಂದು ಅಡ್ಡಲಾಗಿ, ಲಂಬಕೋನದಲ್ಲಿ ದಾಟಲಿ. ಇಂಟರ್‌ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ತಂತಿಗಳನ್ನೇ ಬಳಸಬೇಕು.

ಮನೆಯ ಸ್ಟುಡಿಯೋದ ವಿದ್ಯುತ್ ಹಸಿವು ದೊಡ್ಡದಲ್ಲ. 6 ಆಂಪಿಯರ್ ಪ್ಲಗ್ ಪಾಯಿಂಟ್ 230 ವೋಲ್ಟ್‌ನಲ್ಲಿ 1,380 ವಾಟ್ ಕೊಡಬಲ್ಲದು; ಕಂಪ್ಯೂಟರ್, ಸ್ಪೀಕರ್, ಇಂಟರ್‌ಫೇಸುಗಳಿಗೆ ಅಷ್ಟು ಧಾರಾಳವಾಗಿ ಸಾಕು. ಎಲ್ಲವೂ ಒಂದೇ ಪಾಯಿಂಟಿನಿಂದ ವಿದ್ಯುತ್ ಪಡೆದರೆ ಅರ್ತ್ ಸುತ್ತಿನಿಂದ ಹುಟ್ಟುವ ಗುಂಯ್‌ಕಾರವೂ ಕಡಿಮೆಯಾಗುತ್ತದೆ. ಈ ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯುವ ‘ಉಪಾಯ’ ಕೆಲವರಲ್ಲಿ ರೂಢಿಯಲ್ಲಿದೆ. ಅದು ಪ್ರಾಣಾಪಾಯಕಾರಿ. ಮೈಕಿನ ಲೋಹದ ಜಾಲರಿಗೆ ತುಟಿ ತಾಗಿಸಿ ಹಾಡುವವರಿಗೆ ಅರ್ತ್ ತಂತಿಯೇ ರಕ್ಷಣೆ. ವಿದ್ಯುತ್ ಕಡಿತದ ಊರುಗಳಲ್ಲಿ ಇನ್ವರ್ಟರ್ ಕೊಳ್ಳುವವರು ಶುದ್ಧ ಸೈನ್ ಅಲೆಯದನ್ನೇ ಆರಿಸಬೇಕು. ಚೌಕ ಅಲೆಯ ಇನ್ವರ್ಟರುಗಳು ಸ್ಪೀಕರಿನಲ್ಲಿ ಕರಕರೆ ಹುಟ್ಟಿಸುತ್ತವೆ.

ಕೊಯ್ಯುವ ಮುನ್ನ, ಕೊಯ್ದ ನಂತರ

ಹಲಗೆಗೆ ಗರಗಸ ತಾಗಿಸುವ ಮೊದಲು ಫ್ರಿಜ್ ಅಥವಾ ವಾಷಿಂಗ್ ಮೆಷಿನ್ ಬಂದ ರಟ್ಟಿನ ಪೆಟ್ಟಿಗೆಗಳಿಂದ ಮೇಜಿನ ನಿಜ ಗಾತ್ರದ ಮಾದರಿ ಮಾಡಿಕೊಳ್ಳಬೇಕು. ಎರಡು ದಿನ ಅದರ ಮುಂದೆ ಕುಳಿತರೆ ಮಂಡಿ ಎಲ್ಲಿ ತಾಗುತ್ತದೆ, ಪರದೆ ಎಷ್ಟು ದೂರವಿದೆ, ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂಬುದು ತಿಳಿಯುತ್ತದೆ. ರಟ್ಟನ್ನು ಎಷ್ಟು ಸಲ ಬೇಕಾದರೂ ಕತ್ತರಿಸಬಹುದು. ಪ್ಲೈವುಡ್ಡಿಗೆ ಒಂದೇ ಅವಕಾಶ.

ಮೇಜು ಸಿದ್ಧವಾದ ಮೇಲೆ ಎರಡು ಪರೀಕ್ಷೆಗಳು. ಕಂಪ್ಯೂಟರಿನಿಂದ 30ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಒಂದೇ ಸ್ವರವನ್ನು ಹದವಾದ ದನಿಯಲ್ಲಿ ನುಡಿಸಿ ಕೇಳಬೇಕು. ಎಲ್ಲಿ ಗಡಗಡ ಸದ್ದು ಬರುವುದೋ ಅಲ್ಲಿ ಸ್ಕ್ರೂ ಸಡಿಲವಿದೆ ಅಥವಾ ತಂತಿ ಹಲಗೆಗೆ ಬಡಿಯುತ್ತಿದೆ. ಸ್ಕ್ರೂ ಬಿಗಿಮಾಡಿ, ಇಲ್ಲವೇ ರಬ್ಬರ್ ತುಂಡಿಟ್ಟು ಸರಿಪಡಿಸಬಹುದು. ಬಳಿಕ, ಬಹುಕಾಲದಿಂದ ಕೇಳಿ ಬಲ್ಲ, ಉತ್ತಮವಾಗಿ ಮುದ್ರಿತವಾದ ಹಾಡೊಂದನ್ನು ಮೇಜಿನ ಮುಂದೆ ಕುಳಿತು ಕೇಳಬೇಕು. ಗಾಯಕರ ದನಿ ಎರಡು ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು. ಅದು ಒಂದು ಬದಿಗೆ ವಾಲಿದರೆ ತ್ರಿಕೋನವನ್ನು ಮತ್ತೆ ಅಳೆಯಬೇಕು. ದನಿ ತೆಳುವೆನಿಸಿದರೆ ಕನ್ನಡಿ ಹಿಡಿದು ಧ್ವನಿ ಪುಟಿಯುವ ಜಾಗವನ್ನು ಹುಡುಕಬೇಕು.

ಹಣದ ಹಂಚಿಕೆಯಲ್ಲೂ ಇದೇ ಕ್ರಮ ಹಿತಕರ. ಸ್ಪೀಕರ್ ಸ್ಟ್ಯಾಂಡು, ಗಟ್ಟಿ ಪ್ಲೈವುಡ್, ಸರಿಯಾದ ಅರ್ತಿಂಗ್ ಇವುಗಳಿಗೆ ಜಿಪುಣತನ ಸಲ್ಲದು. ಬಣ್ಣದ ದೀಪ, ತೇಗದ ಹೊದಿಕೆ, ಗಾಜಿನ ಅಲಂಕಾರಗಳು ಮುಂದಿನ ವರ್ಷಕ್ಕೂ ಕಾಯಬಲ್ಲವು. ನೋಡಲು ಸಾದಾ ಇರುವ ಮೇಜಿನ ಮೇಲೆ ತಯಾರಾದ ಹಾಡು ಕಾರಿನಲ್ಲೂ ಮೊಬೈಲಿನಲ್ಲೂ ದೇವಸ್ಥಾನದ ಧ್ವನಿವರ್ಧಕದಲ್ಲೂ ಹಾಡಿದವರ ದನಿಯಂತೆಯೇ ಕೇಳಿಸಿದರೆ ಆ ಮೇಜು ತನ್ನ ಕೆಲಸ ಮಾಡಿತೆಂದೇ ಅರ್ಥ.